ಗಲ್ಲಾಪೆಟ್ಟಿಗೆ ಇಲ್ಲದ ಹಬ್ಬ

ಹೆಸರಘಟ್ಟ ಅಂದರೆ ಹಳಬರಿಗೆ ಕೆರೆ. ಅರ್ಕಾವತಿಗೆ ಅಡ್ಡಲಾಗಿ 1894ರಲ್ಲಿ ಕಟ್ಟಿದ ಆ ಕೆರೆಯ ನೀರು ಕುಡಿದೇ ಬೆಂಗಳೂರು ಬೆಳೆದದ್ದು. ರೈತರಿಗೆ ಹೆಸರಘಟ್ಟ ಅಂದರೆ ತೋಟಗಾರಿಕಾ ಸಂಶೋಧನಾ ಸಂಸ್ಥೆ. ಆದರೆ 1990ರ ದಶಕದಲ್ಲಿ ಕಾಲೇಜು ಓದಿದ ಬೆಂಗಳೂರಿನವರನ್ನು ಕೇಳಿ ನೋಡಿ. ಅವರ ಉತ್ತರವೇ ಬೇರೆ. ‘ಓ, ವಸಂತಹಬ್ಬ!’

ಇಡೀ ರಾತ್ರಿ ಬಯಲಲ್ಲಿ ಸಂಗೀತ, ನೃತ್ಯ. ಸಂಜೆ ಕೂತವರು ಬೆಳಕು ಹರಿದ ಮೇಲೆ ಏಳುವುದು. ಹೆಸರಾಂತ ಕಲಾವಿದರು ವೇದಿಕೆ ಮೇಲೆ. ಕೆಳಗೆ ಚಾಪೆ, ಕಂಬಳಿ ಹಾಸಿಕೊಂಡ ಜನ. ನಗರದ ಇಂಗ್ಲಿಷ್ ಮಾತಿನವರ ಪಕ್ಕದಲ್ಲೇ ಸುತ್ತಲ ಹಳ್ಳಿಯ ಮುದುಕರು, ಮಕ್ಕಳು. ಪ್ರವೇಶ? ಪುಕ್ಕಟೆ. 2004ರಲ್ಲಿ ಸೇರಿದ ಜನ ಸುಮಾರು 40 ಸಾವಿರ.

ಅದೇ ಕೊನೆ. 2004ರ ಡಿಸೆಂಬರಿನಲ್ಲಿ ಸುನಾಮಿ ಬಂತು. ಊರೂರಲ್ಲಿ ಸೂತಕ ಇರುವಾಗ ಹಬ್ಬ ಎಂಥದ್ದು ಎಂದು 2005ರಲ್ಲಿ ನಿಂತಿತು. ಅದು ಸರಿಯೇ. ಆದರೆ 2006ರಲ್ಲೂ ಇಲ್ಲ, 2007ರಲ್ಲೂ ಇಲ್ಲ. ಆಗ ಕಾರಣ ಸಮುದ್ರವಲ್ಲ, ದುಡ್ಡು. ನಲವತ್ತು ಸಾವಿರ ಜನ ಸೇರುವ ಹಬ್ಬಕ್ಕೆ ದುಡ್ಡಿಲ್ಲ ಅಂದರೆ ನಂಬುವುದು ಹೇಗೆ? ಇದನ್ನು ತಿಳಿಯಬೇಕಾದರೆ ಹಬ್ಬ ಹುಟ್ಟುಹಾಕಿದ ಹೆಂಗಸಿನ ಕತೆ ತಿಳಿಯಬೇಕು.

ಪ್ರೊತಿಮಾ ಬೇಡಿ ಹೆಸರು ಹೇಳಿದ ತಕ್ಷಣ ಕೆಲವರ ಮುಖದಲ್ಲಿ ಒಂದು ಥರದ ನಗೆ ಬರುತ್ತದೆ. 1974ರಲ್ಲಿ ಒಂದು ಸಿನಿಮಾ ಪತ್ರಿಕೆಗಾಗಿ ಮೈಮೇಲೆ ಬಟ್ಟೆ ಇಲ್ಲದೆ ಓಡಿದವರು ಅಲ್ಲವೇ? ಹೌದು, ಅವರೇ. ಆ ಒಂದು ಫೋಟೋವನ್ನು ದೇಶದ ಪತ್ರಿಕೆಗಳು ಎಷ್ಟು ವರ್ಷ ಮಾರಿಕೊಂಡವು ಅನ್ನುವುದಕ್ಕೆ ಲೆಕ್ಕವಿಲ್ಲ. ಆಮೇಲಿನ ಇಪ್ಪತ್ತನಾಲ್ಕು ವರ್ಷ ಆಕೆ ಮಾಡಿದ್ದೇನು ಅನ್ನುವುದು ಮಾತ್ರ ಮಾರಾಟದ ಸರಕಾಗಲಿಲ್ಲ. (ಸಂಜೆ ಪತ್ರಿಕೆಗಳೂ ಈ ವಿಷಯದಲ್ಲಿ ಸಾಚಾ ಅಲ್ಲ ಬಿಡಿ.)

ಮಳೆಗೆ ಒಳಗೆ ಬಂದವರು

ತಂದೆ ಹರಿಯಾಣದ ಕರ್ನಾಲ್ ಕಡೆಯ ಅಗರವಾಲ್ ವ್ಯಾಪಾರಿ, ತಾಯಿ ಬಂಗಾಳಿ. ಮುಂಬಯಿಯಲ್ಲಿ ಮಾಡೆಲ್ ಆಗಿದ್ದರು. ನಟ ಕಬೀರ್ ಬೇಡಿಯನ್ನು ಮದುವೆಯಾಗಿ ಎರಡು ಮಕ್ಕಳ ತಾಯಿಯೂ ಆಗಿದ್ದರು. 1975ರ ಆಗಸ್ಟ್. ಮಳೆ ಹೊಯ್ಯುತ್ತಿತ್ತು ಅಂತ ಭೂಲಾಭಾಯಿ ಸಂಸ್ಥೆಯ ಸಭಾಂಗಣದೊಳಕ್ಕೆ ಹೊಕ್ಕರು. ಅಲ್ಲಿ ಒಡಿಸ್ಸಿ ನಡೆಯುತ್ತಿತ್ತು. ನೋಡಿದರು. ಮುಗೀತು! ಕಲಿತರೆ ಇದನ್ನೇ ಕಲಿಯಬೇಕು ಅಂತ ಕಟಕ್‌ಗೆ ಹೋಗಿ ಗುರು ಕೇಲುಚರಣ್ ಮಹಾಪಾತ್ರರ ಮುಂದೆ ನಿಂತರು.

ಆಗ ವಯಸ್ಸು 26. ನಮ್ಮ ಊರುಗಳಲ್ಲಿ ಭರತನಾಟ್ಯಕ್ಕೆ ಏಳು ವರ್ಷಕ್ಕೆ ಮಗುವನ್ನು ಸೇರಿಸದಿದ್ದರೆ ‘ತಡವಾಯ್ತು’ ಅನ್ನುತ್ತಾರೆ. ಇಪ್ಪತ್ತಾರಕ್ಕೆ ಮೈ ಬಗ್ಗುವುದಿಲ್ಲ, ಮಂಡಿ ಕೇಳುವುದಿಲ್ಲ. ದಿನಕ್ಕೆ ಹನ್ನೆರಡು ಹದಿನಾಲ್ಕು ಗಂಟೆ ಅಭ್ಯಾಸ ಮಾಡಿದರು. ಹಟ ಅಂದರೆ ಅದು. ಮುಂಬಯಿಯ ಜುಹುವಿನ ಪೃಥ್ವಿ ಥಿಯೇಟರಿನಲ್ಲಿ ಸ್ವಂತ ನೃತ್ಯಶಾಲೆಯನ್ನೂ ತೆರೆದರು.

ಇಷ್ಟಕ್ಕೇ ನಿಂತಿದ್ದರೆ ಇನ್ನೊಬ್ಬ ನರ್ತಕಿ ಅಷ್ಟೇ. ದೇಶದಲ್ಲಿ ಒಡಿಸ್ಸಿಯಲ್ಲಿ ಆಕೆಗಿಂತ ಪಳಗಿದವರು ಆಗಲೂ ಇದ್ದರು, ಆಮೇಲೂ ಬಂದರು. ಆದರೆ ವ್ಯಾಪಾರಿಯ ಮಗಳ ತಲೆ ಬೇರೆ ಲೆಕ್ಕ ಹಾಕುತ್ತಿತ್ತು. ತಾನೊಬ್ಬಳು ಕುಣಿದರೆ ತನ್ನ ಮಂಡಿ ಇರುವಷ್ಟು ದಿನ. ಕುಣಿಯುವವರನ್ನು ತಯಾರು ಮಾಡಿ, ಅವರಿಗೆ ಮನೆ, ವೇದಿಕೆ, ನೋಡುವ ಜನ, ಮೂರನ್ನೂ ಒದಗಿಸಿದರೆ?

ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ ಕರ್ನಾಟಕ ಸರ್ಕಾರವನ್ನು ಜಾಗ ಕೇಳಿದರು. ಹೆಸರಘಟ್ಟದ ಹತ್ತಿರ ಹತ್ತು ಎಕರೆ ಗುತ್ತಿಗೆಗೆ ಸಿಕ್ಕಿತು. ಗುರುವಿನ ಮನೆಯಲ್ಲೇ ಇದ್ದು ಕಲಿಯುವ ಗುರುಕುಲಗಳು, ಏಳು ಶಾಸ್ತ್ರೀಯ ನೃತ್ಯಗಳಿಗೆ ಏಳು, ಜೊತೆಗೆ ಛಾವು, ಕಳರಿಪಯಟ್ಟು, ಇದು ಯೋಜನೆ. ವಾಸ್ತುಶಿಲ್ಪಿ ಜೆರಾರ್ಡ್ ಡ ಕುನ್ಹ ಕಲ್ಲು ಮಣ್ಣಿನ ಕಟ್ಟಡ ಎಬ್ಬಿಸಿದರು. 1990ರ ಮೇ 11ರಂದು ಪ್ರಧಾನಿ ವಿ.ಪಿ. ಸಿಂಗ್ ಬಂದು ನೃತ್ಯಗ್ರಾಮ ಉದ್ಘಾಟಿಸಿದರು. ಮಕ್ಕಳಿಗೆ ಪ್ರೊತಿಮಾ ‘ಗೌರಿ ಅಮ್ಮ’ ಆದರು.

ಒಂದು ರಾತ್ರಿಯ ಅಂಗಡಿ

ಗುರುಕುಲ ಕಟ್ಟುವುದು ಒಂದು ಕೆಲಸ. ಅದನ್ನು ನಡೆಸುವುದು ಬೇರೆಯೇ ಕೆಲಸ. ಅಕ್ಕಿ ಬೇಕು, ಗುರುಗಳಿಗೆ ಸಂಬಳ ಬೇಕು, ವಿದ್ಯುತ್ ಬಿಲ್ಲು ರಾಗ ತಾಳ ಕೇಳುವುದಿಲ್ಲ. 1992ರಲ್ಲಿ ಪಕ್ಕದಲ್ಲೇ ಪ್ರವಾಸಿಗರು ತಂಗುವ ‘ಕುಟೀರಂ’ ತೆರೆದದ್ದು ಇದೇ ಕಾರಣಕ್ಕೆ. ಬಾಡಿಗೆ ದುಡ್ಡಿನಿಂದ ನೃತ್ಯ ನಡೆಯಲಿ ಅಂತ. ಕಲೆಯನ್ನು ಮಾರಿಕೊಂಡರು ಅಂತ ಮೂಗು ಮುರಿಯುವವರು ಇರಬಹುದು. ಅಂಥವರು ಒಂದು ತಿಂಗಳು ಹಾಸ್ಟೆಲ್ ನಡೆಸಿ ನೋಡಲಿ.

ಇನ್ನು ವಸಂತಹಬ್ಬ. ಅಂಗಡಿ ಇಟ್ಟವರಿಗೆ ಇದು ಬೇಗ ಅರ್ಥವಾಗುತ್ತದೆ. ಮಾರದ ಬಟ್ಟೆ ನಾಳೆಗೆ ಉಳಿಯುತ್ತದೆ, ಮಾರದ ಸೋಪು ಮುಂದಿನ ತಿಂಗಳಿಗೂ ಉಳಿಯುತ್ತದೆ. ಆದರೆ ರಂಗದ ವ್ಯಾಪಾರ ಬಸ್ಸಿನ ಖಾಲಿ ಸೀಟಿನ ಹಾಗೆ. ಗಾಡಿ ಹೊರಟ ಮೇಲೆ ಆ ಸೀಟು ಯಾರಿಗೂ ಮಾರಲಾಗದು. ಬಯಲು ಕಾರ್ಯಕ್ರಮವಂತೂ ಒಂದು ರಾತ್ರಿಗೆ ತೆರೆದು ಬೆಳಗಾಗುವಷ್ಟರಲ್ಲಿ ಮುಚ್ಚುವ ಅಂಗಡಿ. ಖರ್ಚು ಮಾತ್ರ ತಿಂಗಳುಗಟ್ಟಲೆ ಮೊದಲೇ ಶುರು. ಕಲಾವಿದರ ಪ್ರಯಾಣ, ಊಟ, ತಂಗುವ ಜಾಗ. ದೀಪ, ಧ್ವನಿವರ್ಧಕ, ಜನರೇಟರು. ಕುಡಿಯುವ ನೀರು, ಕಕ್ಕಸು, ಗಾಡಿ ನಿಲ್ಲಿಸುವ ಜಾಗ, ಪೊಲೀಸು, ಆಂಬುಲೆನ್ಸು. ಮರುದಿನ ಕಸ ಎತ್ತುವವರ ಕೂಲಿ. ಸಾವಿರ ಜನರಿಗೆ ಮಾಡಿದ ಏರ್ಪಾಡು ಹತ್ತು ಸಾವಿರಕ್ಕೆ ಸಾಲದು, ಹತ್ತು ಸಾವಿರಕ್ಕೆ ಮಾಡಿದ್ದು ನಲವತ್ತಕ್ಕೆ ಸಾಲದು.

ಟಿಕೆಟ್ ಇಟ್ಟರೆ ಜನ ಹೆಚ್ಚಿದಷ್ಟೂ ಲಾಭ. ಪುಕ್ಕಟೆ ಇಟ್ಟರೆ ಜನ ಹೆಚ್ಚಿದಷ್ಟೂ ನಷ್ಟ! ವಸಂತಹಬ್ಬ ಗೆದ್ದಷ್ಟೂ ಅದರ ಸಾಲದ ಮುಖ ದೊಡ್ಡದಾಗುತ್ತಿತ್ತು ಅನ್ನುವುದು ಇದಕ್ಕೇ.

ನಮ್ಮ ಕಂಪನಿ ನಾಟಕದ ಯಜಮಾನರು ಈ ಬಲೆಗೆ ಬೀಳಲಿಲ್ಲ. ಗುಬ್ಬಿ ವೀರಣ್ಣ ಕುರುಕ್ಷೇತ್ರಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು, ನಿಜ. ಆದರೆ ಬಾಗಿಲಲ್ಲಿ ಗಲ್ಲಾಪೆಟ್ಟಿಗೆ ಇಟ್ಟೇ ತಂದರು. ನೆಲದವನು ನೆಲದ ದುಡ್ಡು ಕೊಟ್ಟ, ಕುರ್ಚಿಯವನು ಕುರ್ಚಿಯ ದುಡ್ಡು ಕೊಟ್ಟ. ಕಲೆಕ್ಷನ್ ಬಿದ್ದ ದಿನ ಊರು ಬಿಟ್ಟರು, ಇನ್ನೊಂದು ಊರಲ್ಲಿ ಥಿಯೇಟರು ಹಾಕಿದರು.

ಹಾಗಾದರೆ ಪ್ರೊತಿಮಾ ಲೆಕ್ಕ ತಪ್ಪಿದರೇ? ಅಷ್ಟು ಸುಲಭವಾಗಿ ಹೇಳಲಾಗದು. ಟಿಕೆಟ್ ಇಟ್ಟಿದ್ದರೆ ಹೆಸರಘಟ್ಟದ ರೈತ ಬೇಲಿಯ ಆಚೆ ನಿಂತು ಕೇಳಬೇಕಿತ್ತು. ಒಳಗೆ ಬೆಂಗಳೂರಿನ ದುಡ್ಡಿದ್ದವರು ಮಾತ್ರ. ಯಾರ ಊರಿನ ಜಮೀನಿನಲ್ಲಿ ನೃತ್ಯಗ್ರಾಮ ಕಟ್ಟಿದರೋ ಅವರೇ ಹೊರಗೆ ಅಂದರೆ ಅದೆಂಥ ಗ್ರಾಮ? ಪುಕ್ಕಟೆ ಅನ್ನುವುದು ಧಾರಾಳತನವಷ್ಟೇ ಅಲ್ಲ, ಊರಿಗೆ ಕೊಟ್ಟ ಬಾಡಿಗೆ.

ಅದು ಸಂದದ್ದಕ್ಕೆ ಸಾಕ್ಷಿಯೂ ಇದೆ. ಸುತ್ತಲ ಹಳ್ಳಿ ಮಕ್ಕಳಿಗೆ ನೃತ್ಯಗ್ರಾಮದಲ್ಲಿ ಬಿಟ್ಟಿ ಪಾಠ ಇತ್ತು. 1990ರಲ್ಲಿ ಹಾಗೆ ಬಂದು ಸೇರಿದ ಹುಡುಗಿ ಪವಿತ್ರಾ ರೆಡ್ಡಿ ಮುಂದೆ ನೃತ್ಯಗ್ರಾಮ ತಂಡದ ಮುಖ್ಯ ನರ್ತಕಿಯರಲ್ಲಿ ಒಬ್ಬರಾದರು. ಪರದೇಶದ ರಂಗಗಳಲ್ಲೆಲ್ಲ ಕುಣಿದು ಬಂದರು. ಯಾವ ಮಂತ್ರಿಯ ಶಿಫಾರಸೂ ಇಲ್ಲದೆ.

ಯಜಮಾನಿ ಹೋದ ಮೇಲೆ

1997ರಲ್ಲಿ ಮಗ ಸಿದ್ಧಾರ್ಥ ತೀರಿಕೊಂಡ. ತಾಯಿಯ ಮನಸ್ಸು ಆಮೇಲೆ ಹಿಮಾಲಯದ ಕಡೆ ತಿರುಗಿತು. ತಲೆ ಬೋಳಿಸಿಕೊಂಡರು. ನೃತ್ಯಗ್ರಾಮದ ಹೊಣೆಯನ್ನು ಲಿನ್ ಫರ್ನಾಂಡಿಸ್ ಮತ್ತು ಸುರೂಪಾ ಸೇನ್ ಕೈಗೆ ಒಪ್ಪಿಸಿದರು. ಒಬ್ಬರು ರಂಗದ ಬೆಳಕಿನ ಕೆಲಸ ಬಲ್ಲವರು, ಇನ್ನೊಬ್ಬರು ಅಲ್ಲೇ ಪಳಗಿದ ನರ್ತಕಿ. 1998ರ ಆಗಸ್ಟಿನಲ್ಲಿ ಪ್ರೊತಿಮಾ ಕೈಲಾಸ ಮಾನಸಸರೋವರ ಯಾತ್ರೆಗೆ ಹೊರಟರು. ಪಿಥೋರಾಗಢ ಜಿಲ್ಲೆಯ ಮಾಲ್ಪಾದಲ್ಲಿ 18ರಂದು ಗುಡ್ಡ ಕುಸಿಯಿತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಈಕೆಯೂ ಒಬ್ಬರು. ಐವತ್ತು ಕೂಡ ತುಂಬಿರಲಿಲ್ಲ.

ಇಂಥ ಸಂಸ್ಥೆಗಳು ಯಜಮಾನರ ಜೊತೆಗೇ ಕಣ್ಮುಚ್ಚುವುದು ವಾಡಿಕೆ. ಯಜಮಾನರು ಬದುಕಿರುವಾಗಲೇ ಮುಚ್ಚಿದ್ದೂ ಉಂಟು. ಉದಯಶಂಕರ್ ಆಲ್ಮೋರಾದಲ್ಲಿ ಕಟ್ಟಿದ ನೃತ್ಯಕೇಂದ್ರದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ ಕೂಡ ಕಲಿತದ್ದು. ಯುದ್ಧದ ಕಾಲದಲ್ಲಿ ದುಡ್ಡು ಸಾಲದೆ ಕೆಲವೇ ವರ್ಷದಲ್ಲಿ ಬಾಗಿಲು ಹಾಕಿತು. ರುಕ್ಮಿಣಿದೇವಿ ಅರುಂಡೇಲ್ 1936ರಲ್ಲಿ ಮದರಾಸಿನಲ್ಲಿ ಕಟ್ಟಿದ ಕಲಾಕ್ಷೇತ್ರ ಉಳಿದದ್ದು ಬೇರೆ ದಾರಿಯಲ್ಲಿ. ಆಕೆ 1986ರಲ್ಲಿ ತೀರಿಕೊಂಡ ಮೇಲೆ, 1993ರಲ್ಲಿ ಪಾರ್ಲಿಮೆಂಟು ಕಾಯಿದೆಯನ್ನೇ ಮಾಡಿ ಅದನ್ನು ಕೈಗೆತ್ತಿಕೊಂಡಿತು.

ನೃತ್ಯಗ್ರಾಮಕ್ಕೆ ಪಾರ್ಲಿಮೆಂಟು ಬರಲಿಲ್ಲ. ಆದರೂ ಮುಚ್ಚಲಿಲ್ಲ. ಏಳು ಗುರುಕುಲಗಳ ಕನಸು ಪೂರ್ತಿಯಾಗಲಿಲ್ಲ. ಕಥಕ್, ಮೋಹಿನಿಯಾಟ್ಟಂ ಬಂದರೂ ಬೇರು ಬಿಟ್ಟದ್ದು ಒಡಿಸ್ಸಿ ಒಂದೇ. ಆ ಒಂದನ್ನೇ ಹಿಡಿದು ತಂಡ ದೇಶ ವಿದೇಶ ಸುತ್ತಿತು. ನ್ಯೂಯಾರ್ಕಿನ ಜಾಯ್ಸ್ ಥಿಯೇಟರಿನವರು ಮತ್ತೆ ಮತ್ತೆ ಕರೆಸಿಕೊಂಡರು. ಸಿಂಹಳದ ಚಿತ್ರಸೇನ ತಂಡದ ಜೊತೆ ಸೇರಿ ‘ಸಂಹಾರ’ ಅನ್ನುವ ಪ್ರಯೋಗ ಮಾಡಿದರು. ಟಿಕೆಟ್ ಇಟ್ಟು ಆಡುವ ಪ್ರದರ್ಶನ. ಹೊರಗೆ ದುಡಿದದ್ದು ಒಳಗೆ ಅಕ್ಕಿ ಆಗುತ್ತದೆ. ಅಂದರೆ ಶಾಲೆಗೆ ಗಲ್ಲಾಪೆಟ್ಟಿಗೆ ಇತ್ತು, ಉಳಿಯಿತು. ಹಬ್ಬಕ್ಕೆ ಇರಲಿಲ್ಲ, ಹೋಯಿತು.

ಹಬ್ಬವೂ ಒಡತಿ ಹೋದ ಮೇಲೆ ಆರು ವರ್ಷ ಉಸಿರಾಡಿತು ಅನ್ನುವುದನ್ನು ಮರೆಯಬಾರದು. ಆಕೆ ಇಲ್ಲ ಅಂತ ಅದು ನಿಂತದ್ದಲ್ಲ. ಆಕೆ ಇದ್ದಾಗ ನಡೆದ ರೀತಿ ಬೇರೆ ಅಷ್ಟೆ. ಸಿರಿವಂತರ ಕೋಣೆಗೆ ನುಗ್ಗಿ ‘ಕೊಡಿ’ ಅನ್ನುವ ಧೈರ್ಯ ಪ್ರೊತಿಮಾಗೆ ಇತ್ತು. ಹೆಸರಿನ ಗುಂಗಿಗೋ, ಮಾತಿನ ವರಸೆಗೋ ಜನ ಕೊಡುತ್ತಿದ್ದರು. ಇಂಥ ವಸೂಲಿ ಒಬ್ಬರ ಮುಖ ನೋಡಿ ಬರುವ ದುಡ್ಡು. ಮುಖ ಮರೆಯಾದ ಮೇಲೆ ಚೀಟಿ ಹಿಡಿದು ಹೋದವರಿಗೆ ಅದೇ ದುಡ್ಡು ಸಿಗುವುದಿಲ್ಲ. ಚಂದಾ ಎತ್ತಿ ಗಣೇಶನ್ನ ಕೂರಿಸಿದ ಯಾವ ಬೀದಿಯವರನ್ನು ಕೇಳಿದರೂ ಹೇಳುತ್ತಾರೆ.

ಹಾಗಾದರೆ ಯಾರು ಕೊಡಬೇಕಿತ್ತು? ಬೇರೆಯವರ ಕಡೆ ಕೈ ತೋರಿಸುವ ಮೊದಲು ಆ ನಲವತ್ತು ಸಾವಿರದಿಂದ ಶುರು ಮಾಡೋಣ. ರಾತ್ರಿಯಿಡೀ ಕೂತು, ಬೆಳಗ್ಗೆ ಧೂಳು ಕೊಡವಿ ಎದ್ದು ಹೋದವರು. ಅವರಲ್ಲಿ ಅರ್ಧ ಜನ ಹೋಗುವಾಗ ತಲೆಗೆ ಹತ್ತು ರೂಪಾಯಿ ಡಬ್ಬಿಗೆ ಹಾಕಿದ್ದರೂ ಎರಡು ಲಕ್ಷ. ಅಷ್ಟರಿಂದ ಇಡೀ ಹಬ್ಬ ಆಗುವುದಿಲ್ಲ, ಗೊತ್ತು. ಆದರೆ ಎರಡು ಲಕ್ಷ ಊರಿನ ಜನ ಕೊಟ್ಟಿದ್ದಾರೆ ಅಂದರೆ ಸರ್ಕಾರದ ಮುಂದೆ, ಕಂಪನಿಗಳ ಮುಂದೆ ನಿಲ್ಲುವಾಗ ಬೆನ್ನು ನೆಟ್ಟಗಿರುತ್ತದೆ. ದೇವಸ್ಥಾನದ ಜಾತ್ರೆಗೆ ಹುಂಡಿ ಇದೆ. ತೇರಿಗೆ ಹಗ್ಗ ಕೊಡುವ ಮನೆ ಬೇರೆ, ಎಣ್ಣೆ ಕೊಡುವ ಮನೆ ಬೇರೆ, ಪಾನಕ ಹಂಚುವವರು ಬೇರೆ. ಯಾರೂ ಒಬ್ಬರ ಹೆಗಲ ಮೇಲೆ ತೇರು ಹೊರಿಸುವುದಿಲ್ಲ. ಜಾತ್ರೆ ನೂರಾರು ವರ್ಷ ನಡೆಯುವುದು ಹಾಗೆ.

ಎರಡನೆಯವರು, ಬಂದ ಜನರಿಂದ ದುಡಿದವರು. ಜನ ಸೇರಿದ ಕಡೆ ಟೀ, ಬೋಂಡ, ನೀರು, ಪೆಟ್ರೋಲು, ಆಟೋ ಎಲ್ಲಕ್ಕೂ ವ್ಯಾಪಾರ. ಆ ರಾತ್ರಿಯ ಗಿರಾಕಿಯನ್ನು ಕರೆತಂದವರು ಯಾರು ಅಂತ ವ್ಯಾಪಾರಿ ಕೇಳಿಕೊಂಡರೆ ಉತ್ತರ ಕಷ್ಟವಲ್ಲ. ತನ್ನ ಅಂಗಡಿ ಮುಂದೆ ಬಸ್‌ಸ್ಟಾಪ್ ಬೇಕು ಅಂತ ಅರ್ಜಿ ಹಾಕುವ ಜಾಣತನ ಇರುವವರಿಗೆ ಇದೂ ಅದೇ ಲೆಕ್ಕ.

ಮೂರನೆಯದು ಸರ್ಕಾರ. ಹತ್ತು ಎಕರೆ ಕೊಟ್ಟದ್ದು ದೊಡ್ಡ ಮಾತೇ, ಅಲ್ಲವೆನ್ನುವುದಿಲ್ಲ. ಆದರೆ ಜಾಗ ಕೊಟ್ಟು ಕೈ ತೊಳೆದುಕೊಂಡರೆ ಬಾವಿ ತೋಡಿಸಿ ಹಗ್ಗ ಕೊಡದ ಹಾಗಾಯಿತು. ದಸರಾಕ್ಕೆ, ಹಂಪಿ ಉತ್ಸವಕ್ಕೆ ಬೊಕ್ಕಸದಲ್ಲಿ ಜಾಗ ಇದೆ. ಉತ್ಸವ ಸರ್ಕಾರದ್ದೇ ಆಗಿರಬೇಕು, ವೇದಿಕೆ ಮೇಲೆ ಮಂತ್ರಿಗಳ ಕುರ್ಚಿಗಳ ಸಾಲು ಇರಬೇಕು, ಆಗ ಮಾತ್ರ ಚೆಕ್ಕು ಬರೆಯುವುದೋ? ಹೆಸರಘಟ್ಟದ ಆ ಬಯಲಿಗೆ ದೀಪ, ನೀರು, ಪೊಲೀಸು, ವಾಪಸು ಬರಲು ಬಸ್ಸು, ಇಷ್ಟನ್ನು ವರ್ಷಕ್ಕೊಂದು ರಾತ್ರಿ ಸರ್ಕಾರವೇ ನೋಡಿಕೊಂಡಿದ್ದರೆ ಕಲಾವಿದರ ಖರ್ಚನ್ನು ನೃತ್ಯಗ್ರಾಮ ಹೇಗಾದರೂ ಹೊಂದಿಸಿಕೊಳ್ಳುತ್ತಿತ್ತೇನೋ.

ಈಗಲೂ ಬೆಂಗಳೂರಿನಲ್ಲಿ ಸಾವಿರಾರು ರೂಪಾಯಿ ಟಿಕೆಟ್ಟಿನ ಸಂಗೀತ ಮೇಳಗಳು ನಡೆಯುತ್ತವೆ. ಟಿಕೆಟ್ ಮೊಬೈಲಿನಲ್ಲೇ ಖಾಲಿಯಾಗುತ್ತದೆ. ಬೇಲಿಯೊಳಗೆ ನೀರಿನ ಬಾಟಲಿಗೂ ಬೇರೆ ರೇಟು. ಅದನ್ನು ನಡೆಸುವವರನ್ನು ಈವೆಂಟ್ ಮ್ಯಾನೇಜರ್ ಅನ್ನುತ್ತಾರೆ, ಅದಕ್ಕೆ ಕಾಲೇಜುಗಳಲ್ಲಿ ಕೋರ್ಸೂ ಇದೆ. 1990ರ ದಶಕದಲ್ಲಿ ಗೆಜ್ಜೆ ಬಿಚ್ಚಿಟ್ಟು ಜನರೇಟರಿನವನ ಜೊತೆ ಚೌಕಾಸಿಗೆ ನಿಂತ ಹೆಂಗಸಿಗೆ ಅಂಥ ಹೆಸರೂ ಇರಲಿಲ್ಲ, ಕೋರ್ಸೂ ಇರಲಿಲ್ಲ. ಹೆಸರಘಟ್ಟದ ಬಸ್ಸು ಹತ್ತಿ ನೃತ್ಯಗ್ರಾಮದವರೆಗೂ ಹೋಗಿ ಬಂದರೆ, ಆಕೆ ಕಟ್ಟಿಸಿದ ಬಯಲು ರಂಗದ ಮೆಟ್ಟಿಲುಗಳನ್ನು ಕಾಣಬಹುದು. ನಲವತ್ತು ಸಾವಿರ ಜನ ಅಲ್ಲಿ ಹೇಗೆ ಹಿಡಿಸಿದರು ಅನ್ನುವುದೇ ಆಶ್ಚರ್ಯ.