ಮನೆಗೆ ಮಾರಿಯೇ, ಊರಿಗೆ ಉಪಕಾರಿಯೇ?

ಕಳೆದ ತಿಂಗಳ ಒಂದು ಭಾನುವಾರ ಬಲಿಪೂಜೆ ಮುಗಿದು ಜನರು ಚದುರುತ್ತಿದ್ದಾಗ, ಹುಲಿಕುಂಟೆ ಹೋಬಳಿಯ ಕಡೆಯಿಂದ ಬರುವ ತಾಯಿಯೊಬ್ಬರು ಗುರುನಿವಾಸದ ಜಗಲಿಯ ಬಳಿ ನಿಂತಿದ್ದರು. ಕೈಯಲ್ಲಿ ಮಗಳ ಶಾಲೆಯಿಂದ ಬಂದ ಒಂದು ಕಾರ್ಡು. ಅದರ ಮೇಲೆ ಹೊಟ್ಟೆ ಉಬ್ಬಿ, ಕೈಕಾಲು ಕಡ್ಡಿಯಾದ ಸುಡಾನ್ ದೇಶದ ಮಗುವಿನ ಚಿತ್ರ; ಕೆಳಗೆ ದಾನಿಗಳ ಹೆಸರು ಮತ್ತು ಮೊತ್ತ ಬರೆಯಲು ಇಪ್ಪತ್ತು ಗೆರೆಗಳು. ಹೆಚ್ಚು ಹಣ ತಂದವರಿಗೆ ಬಹುಮಾನವಿದೆಯಂತೆ.

"ಫಾದರ್, ನಮ್ಮ ಬೋರಿನಲ್ಲೇ ನೀರಿಲ್ಲ. ಕಡಲೇಕಾಯಿಗೆ ಹಾಕಿದ ಖರ್ಚೂ ಹುಟ್ಟಲಿಲ್ಲ. ನಾನು ಯಾರ ಬಾಗಿಲಿಗೆ ಹೋಗಿ ಕೇಳಲಿ? ಮನೆಗೆ ಮಾರಿ, ಊರಿಗೆ ಉಪಕಾರಿ ಅಂತಾರೆ ನಮ್ಮತ್ತೆ. ನಮ್ಮ ಮಕ್ಕಳಿಗೆ ಯಾರು ಕೊಡ್ತಾರೆ ಫಾದರ್?"

ಆ ಕ್ಷಣದಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ಆಕೆಯ ಮಾತಿನಲ್ಲಿ ಸುಳ್ಳಿರಲಿಲ್ಲ. 2023ರಲ್ಲಿ ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದಾಗ ನಮ್ಮ ಭಾಗವೂ ಅವುಗಳಲ್ಲಿತ್ತು. ಪಾವಗಡ, ಶಿರಾ, ಮಧುಗಿರಿಗಳ ಎಷ್ಟೋ ಹಳ್ಳಿಗಳಲ್ಲಿ ಫ್ಲೋರೈಡ್ ತುಂಬಿದ ಕೊಳವೆಬಾವಿಯ ನೀರನ್ನು ಕುಡಿದು ಮಕ್ಕಳ ಹಲ್ಲು ಕಂದುಗಟ್ಟಿವೆ. ಇಂತಹ ನೆಲದ ಮಕ್ಕಳ ಕೈಗೆ ಹೊರದೇಶದ ಮಕ್ಕಳಿಗಾಗಿ ಹುಂಡಿ ಕೊಡುವುದು ನ್ಯಾಯವೇ? ಪ್ರಶ್ನೆ ಸಣ್ಣದಲ್ಲ.

ಪ್ರಿಯ ಓದುಗರೇ, ಈ ನೆಲದ ಒಂದು ಹಳೆಯ ಕಥೆಯನ್ನು ನೆನೆಯೋಣ. 1876ರಿಂದ 1878ರವರೆಗಿನ ಧಾತು-ಈಶ್ವರ ಸಂವತ್ಸರಗಳ ಘೋರ ಕ್ಷಾಮದ ವಿಷಯ ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಉಳಿದಿದೆ. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕಿಂತ ಕೆಳಗಿಳಿದಿತ್ತು. ತಂದೆತಾಯಿ ಸತ್ತು ದಾರಿಪಾಲಾದ ಮಕ್ಕಳನ್ನು ಎತ್ತಿಕೊಂಡವರಲ್ಲಿ ಫ್ರಾನ್ಸಿನಿಂದ ಬಂದ ನಮ್ಮ ಗುರುಗಳೂ ಕನ್ಯಾಸ್ತ್ರೀಯರೂ ಇದ್ದರು. ಬೆಂಗಳೂರಿನ ಹೊರವಲಯದ ಸಿಲುವೇಪುರದಂತಹ ಊರು ನೆಲೆಗೊಂಡದ್ದು ಹೀಗೆ ಉಳಿದ ಅನಾಥ ಮಕ್ಕಳಿಗಾಗಿ.

ಆ ಕಾಲದ ಮಿಶನ್ ಅನಾಥಾಲಯಗಳ ಅನ್ನಕ್ಕೆ ಹಣ ಬರುತ್ತಿದ್ದ ಮೂಲಗಳಲ್ಲಿ ಒಂದು ಶಾಲಾಮಕ್ಕಳ ಕೈ. ಫ್ರಾನ್ಸಿನ ನಾನ್ಸಿಯ ಧರ್ಮಾಧ್ಯಕ್ಷರಾಗಿದ್ದ ಷಾರ್ಲ್ ದ ಫೋರ್ಬಿನ್-ಜಾನ್ಸನ್ 1843ರಲ್ಲಿ ಪವಿತ್ರ ಬಾಲ್ಯ ಸಂಸ್ಥೆಯನ್ನು ಆರಂಭಿಸಿದರು. ನಿಯಮ ಬಹು ಸರಳ: ಪ್ರತಿ ಮಗು ದಿನಕ್ಕೊಂದು ನಮೋ ಮರಿಯಾ ಜಪ ಹೇಳಬೇಕು, ತಿಂಗಳಿಗೆ ಒಂದು ಸೂ, ಅಂದರೆ ಅಲ್ಲಿನ ಒಂದು ಚಿಲ್ಲರೆ ಕಾಸು, ಕೊಡಬೇಕು. ಮೊದಲು ಚೀನಾದ ಶಿಶುಗಳಿಗೆಂದು ಹುಟ್ಟಿದ ಈ ಕಾರ್ಯ ಬೇಗನೆ ಬೇರೆ ದೇಶಗಳಿಗೂ ಹಬ್ಬಿತು. 1922ರಲ್ಲಿ ಹನ್ನೊಂದನೆಯ ಪಿಯುಸ್ ಜಗದ್ಗುರುಗಳು ಅದನ್ನು ತಮ್ಮ ನೇರ ಆಶ್ರಯಕ್ಕೆ ತೆಗೆದುಕೊಂಡರು. ಇಂದು ನಮ್ಮ ದೇಶದ ಮಕ್ಕಳ ಕಾಣಿಕೆಯೂ ಅದೇ ಸಮಾನ ನಿಧಿಗೆ ಸೇರುತ್ತದೆ. ಒಂದು ಕಾಲಕ್ಕೆ ಚಾಚಿದ್ದ ಕೈ ಇಂದು ಕೊಡುವ ಕೈಯಾಗಿದೆ.

ಇಷ್ಟು ಹಿಂದಕ್ಕೆ ಹೋಗಬೇಕೆಂದೇನೂ ಇಲ್ಲ. ನನ್ನ ವಯಸ್ಸಿನವರು ಪ್ರಾಥಮಿಕ ಶಾಲೆಯ ವರಾಂಡದಲ್ಲಿ ತಟ್ಟೆ ಹಿಡಿದು ಸಾಲಾಗಿ ಕೂತು ತಿಂದ ಹಳದಿ ಉಪ್ಪಿಟ್ಟನ್ನು ಮರೆತಿರಲಾರರು. 'ಕೇರ್ ಉಪ್ಪಿಟ್ಟು' ಎನ್ನುತ್ತಿದ್ದೆವು. ಅದರ ವಾಸನೆ ಈಗಲೂ ಮೂಗಿನಲ್ಲಿದೆ. ರುಚಿಯ ಮಾತು ಬೇಡ. ಎರಡನೆಯ ಮಹಾಯುದ್ಧದಲ್ಲಿ ಹಾಳಾದ ಯೂರೋಪಿಗೆ ಆಹಾರದ ಪೊಟ್ಟಣ ಕಳುಹಿಸಲೆಂದು 1945ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಸಂಸ್ಥೆ ಅದು. ಧಾನ್ಯದ ಬಹುಪಾಲು ಅಮೆರಿಕದ ಸರ್ಕಾರದ್ದು, ಅದರ ಹಿಂದೆ ಅವರ ರಾಜಕೀಯವೂ ಇತ್ತು. ಆದರೂ ಹಸಿದ ಹುಡುಗನಿಗೆ ಅದು ಅನ್ನವೇ ಆಗಿತ್ತು.

ಹಾಗಾದರೆ ತಮ್ಮವರು ಮೊದಲು ಎಂಬ ಅತ್ತೆಯ ಮಾತು ತಪ್ಪೇ? ಇಲ್ಲ. ಸಂತ ಥಾಮಸ್ ಅಕ್ವಿನಾಸರು ಪ್ರೀತಿಗೂ ಒಂದು ಕ್ರಮವಿದೆಯೆಂದು ಒಪ್ಪುತ್ತಾರೆ: ಹೆತ್ತವರು, ಒಡಹುಟ್ಟಿದವರು, ಊರಿನವರು ಹೀಗೆ ಹತ್ತಿರದವರಿಗೆ ನಮ್ಮ ಋಣ ಹೆಚ್ಚು. ಆದರೆ ಆ ಕ್ರಮವನ್ನು ಮೀರುವ ಒಂದು ಸಂದರ್ಭವನ್ನೂ ಅವರು ಹೇಳುತ್ತಾರೆ. ಅಪರಿಚಿತನೊಬ್ಬ ಪ್ರಾಣಾಪಾಯದ ಅಗತ್ಯದಲ್ಲಿದ್ದು, ಸ್ವಂತ ತಂದೆಗೆ ಅಂತಹ ತುರ್ತು ಇಲ್ಲದಿದ್ದರೆ, ಅಪರಿಚಿತನಿಗೇ ಮೊದಲು ನೆರವಾಗಬೇಕಾಗಬಹುದು. ಸೆಮಿನರಿಯಲ್ಲಿ ಇದನ್ನು ಓದಿದಾಗ ಪರೀಕ್ಷೆಗೆ ಬೇಕಾದ ಒಂದು ಸೂಕ್ಷ್ಮವೆಂದುಕೊಂಡಿದ್ದೆ. ಸುಡಾನಿನಲ್ಲಿ 2023ರ ಏಪ್ರಿಲ್ ತಿಂಗಳಲ್ಲಿ ಯುದ್ಧ ಹತ್ತಿಕೊಂಡಿತು. 2024ರ ಆಗಸ್ಟಿನಲ್ಲಿ ಅಲ್ಲಿನ ಉತ್ತರ ಡಾರ್ಫರಿನ ಜಮ್‌ಜಮ್ ಶಿಬಿರದಲ್ಲಿ ಕ್ಷಾಮವಿದೆಯೆಂದು ಪರಿಣತರು ದೃಢಪಡಿಸಿದರು. ನಮ್ಮಲ್ಲಿ ಬೆಳೆ ಹೋಗಿದೆ, ನಿಜ. ಆದರೆ ಪಡಿತರದ ಅಕ್ಕಿ ಇದೆ, ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟ ಇದೆ. ಕಷ್ಟಕ್ಕೂ ಸಾವಿಗೂ ನಡುವಿನ ಈ ಅಂತರವನ್ನು ನಾವು ಮರೆಯಬಾರದು.

ಬಡವರು ಬಡವರಿಗೆ ಕೊಡುವುದು ಸಭೆಯಲ್ಲಿ ಹೊಸದೂ ಅಲ್ಲ. ಕ್ಲೌಡಿಯಸ್ ಚಕ್ರವರ್ತಿಯ ಕಾಲದ ಬರದಲ್ಲಿ ಅಂತಿಯೋಕ್ಯದ ವಿಶ್ವಾಸಿಗಳು ಜುದೇಯದವರಿಗೆ ನೆರವು ಕಳುಹಿಸಿದರೆಂದು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುತ್ತೇವೆ. ಮಕೆದೋನಿಯದವರಂತೂ ಸ್ವತಃ ಕಡುಬಡವರಾಗಿದ್ದೂ ಕೊಡಲು ಅವಕಾಶ ಬೇಕೆಂದು ಬೇಡಿಕೊಂಡರು. ಆದರೆ ಸಂತ ಪೌಲರು ಕೊರಿಂಥದವರಿಗೆ ಬರೆಯುವಾಗ ಬಲವಂತ ಕೂಡದೆಂದೂ, ಕೊಡುವವರೇ ಕಷ್ಟಕ್ಕೆ ಸಿಲುಕುವುದು ತಮ್ಮ ಉದ್ದೇಶವಲ್ಲವೆಂದೂ ಸ್ಪಷ್ಟಪಡಿಸಿದರು.

ನನ್ನ ತಕರಾರು ಇರುವುದು ಇಲ್ಲಿಯೇ, ಮತ್ತು ಅದನ್ನು ಮೊದಲು ನನ್ನ ಮೇಲೆಯೇ ಹೊರಿಸಿಕೊಳ್ಳುತ್ತೇನೆ. ಗುರುದೀಕ್ಷೆಯಾದ ಹೊಸದರಲ್ಲಿ, ಸಹಾಯಕ ಗುರುವಾಗಿದ್ದಾಗ, ಮಿಶನ್ ಕಾಣಿಕೆ ಹೆಚ್ಚಲೆಂದು ಧರ್ಮೋಪದೇಶದ ಮಕ್ಕಳ ಹೆಸರು ಮತ್ತು ಮೊತ್ತವನ್ನು ಪೀಠದ ಬಳಿ ನಿಂತು ಓದಿದೆ. ಚಪ್ಪಾಳೆಗಳಾದವು. ಮರುವಾರ ಒಬ್ಬ ಹುಡುಗ ಐವತ್ತು ರೂಪಾಯಿ ತಂದ. ಕೂಲಿಯವರ ಮನೆಯ ಹುಡುಗ. ಆ ಹಣ ಅವನ ತಾಯಿ ಔಷಧಿಗೆಂದು ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟದ್ದೆಂದು ತಿಳಿದದ್ದು ಆಕೆ ಅವನನ್ನು ಎಳೆದುಕೊಂಡು ಬಂದು ನನ್ನೆದುರು ನಿಲ್ಲಿಸಿದಾಗ. ಹಣ ಹಿಂದಿರುಗಿಸಿದೆ, ಆದರೆ ಆ ಹುಡುಗ ಮತ್ತೆ ಧರ್ಮೋಪದೇಶಕ್ಕೆ ಬರಲಿಲ್ಲ. ಕದಿಯುವುದನ್ನು ಅವನಿಗೆ ಕಲಿಸಿದವನು ನಾನು. ದೂರದ ಮಗುವನ್ನು ಉಳಿಸುವ ಹೆಸರಿನಲ್ಲಿ ಹತ್ತಿರದ ಮಗುವನ್ನು ಬರಿಯ ಸಾಧನವಾಗಿ ಬಳಸಿದ್ದೆ.

ಆದಕಾರಣ ಶಾಲೆಗಳನ್ನು ನಡೆಸುವವರಲ್ಲಿ ನನ್ನ ವಿನಂತಿ: ಬಹುಮಾನ ಬೇಡ, ಪಟ್ಟಿ ಬೇಡ. ಬಾಯಿ ಮುಚ್ಚಿದ ಒಂದು ಮಣ್ಣಿನ ಕುಡಿಕೆ ಸಾಕು. ಯಾರು ಎಷ್ಟು ಹಾಕಿದರೆಂದು, ಹಾಕದೆ ಹೋದವರು ಯಾರೆಂದು ಉಪಾಧ್ಯಾಯರಿಗೂ ತಿಳಿಯಬಾರದು. ಮಕ್ಕಳನ್ನು ರಸ್ತೆಗೂ ಅಂಗಡಿಗಳಿಗೂ ರಸೀದಿ ಪುಸ್ತಕ ಕೊಟ್ಟು ಅಟ್ಟಬೇಡಿ. ಆ ಚಿತ್ರದ ವಿಷಯದಲ್ಲೂ ಎಚ್ಚರವಿರಲಿ. ಒಂದಾನೊಂದು ಕಾಲದಲ್ಲಿ ಅಮೆರಿಕದ ಕಥೋಲಿಕ ಶಾಲೆಗಳಲ್ಲಿ ಕೆಲವು ಡಾಲರ್ ಕೂಡಿಸಿದ ತರಗತಿಗೆ ದೂರದೇಶದ 'ಅನ್ಯಧರ್ಮೀಯ ಶಿಶು'ವಿಗೆ ಹೆಸರಿಡುವ ಅವಕಾಶವಿತ್ತು. ಪ್ರೀತಿಯಿಂದಲೇ ಮಾಡಿದರು, ಆದರೆ ಹಾಗೆ ಹೆಸರಿಡಿಸಿಕೊಳ್ಳುವ ಕಡೆಯಲ್ಲಿದ್ದವರು ನಮ್ಮಂಥವರು. ಆ ಮಗುವಿನ ಹಸಿವನ್ನಷ್ಟೇ ಅಲ್ಲ, ಅವಳ ಊರು, ನದಿ, ಭಾಷೆಗಳನ್ನೂ ಪಾಠದಲ್ಲಿ ಹೇಳಿಕೊಡಿ. ಭೂಪಟದಲ್ಲಿ ಸುಡಾನ್ ಎಲ್ಲಿದೆಯೆಂದು ಗೊತ್ತಿಲ್ಲದ ಮಗು ಕೊಡುವ ಹಣ ದಂಡದ ಹಣದಂತೆ.

ಲೆಕ್ಕದ ಮಾತೂ ಇದೆ. ಹಣ ಹೊರದೇಶಕ್ಕೆ ಹೋಗುವ ದಾರಿಯನ್ನು 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ ಕಾಯುತ್ತದೆ. ಆದ್ದರಿಂದ ಯಾವ ಸಂಸ್ಥೆಯ ಮೂಲಕ, ಯಾವ ಅನುಮತಿಯಿಂದ ಹೋಗುತ್ತದೆ ಎಂಬುದನ್ನು ಸಂಗ್ರಹ ಆರಂಭಿಸುವ ಮೊದಲೇ ಪೋಷಕರಿಗೆ ತಿಳಿಸಬೇಕು. ಮುಗಿದ ಮೇಲೆ ಮೊತ್ತವನ್ನೂ ಮುಟ್ಟಿದ ವಿವರವನ್ನೂ ಫಲಕದಲ್ಲಿ ಹಾಕಬೇಕು. ಕೇಳುವ ಪೋಷಕರನ್ನು ಜಿಪುಣರೆಂದು ತಿಳಿಯಬಾರದು.

ಆ ತಾಯಿಗೆ ನಾನು ಹೇಳಿದ್ದು ಇಷ್ಟು: ಕಾರ್ಡನ್ನು ಖಾಲಿಯಾಗಿಯೇ ಹಿಂದಿರುಗಿಸಿ, ಯಾರ ಬಾಗಿಲಿಗೂ ಹೋಗಬೇಡಿ, ಮುಖ್ಯೋಪಾಧ್ಯಾಯರೊಡನೆ ನಾನು ಮಾತನಾಡುತ್ತೇನೆ. ಮಾತನಾಡಿದ್ದೇನೆ, ಬಹುಮಾನವನ್ನು ಕೈಬಿಡುವುದಾಗಿ ಹೇಳಿದ್ದಾರೆ, ಪಟ್ಟಿಯ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಮುಂದಿನ ಭಾನುವಾರ ಆಕೆ ಮತ್ತೆ ಬಂದರು. ಮಗಳು ಕೇಳಿದಳಂತೆ, ಹಣವಿಲ್ಲದಿದ್ದರೆ ಕಡಲೇಕಾಯಿ ಕೊಡಬಹುದೇ ಎಂದು. ಒಂದು ಸೇರು ತಂದಿದ್ದರು. ಅದನ್ನು ಸುಡಾನಿಗೆ ಕಳುಹಿಸುವುದು ಹೇಗೆಂದು ನನಗೆ ತೋಚಲಿಲ್ಲ. ಗುಡಿಯ ಮುಂದೆಯೇ ಹರಾಜು ಹಾಕಿದೆವು. ಅತ್ತೆಯೇ ಮೊದಲು ಕೂಗಿದರು.