ಸಂಪಾದಕೀಯ: ಎನ್.ಸಿ.ಸಿ. ಫಾರ್ಮಿಗೆ ಸಹಿ ಹಾಕುವ ಮುನ್ನ



ಶಾಲೆಗಳು ಶುರುವಾಗಿ ಎಂಟನೆಯ ತರಗತಿಯ ಪ್ರವೇಶ ಮುಗಿಯುತ್ತಿದ್ದಂತೆ ಪತ್ರಿಕೆಗೆ ಒಂದೇ ಬಗೆಯ ಕಾಗದಗಳು ಬರತೊಡಗುತ್ತವೆ. ಮಠದ ವಿದ್ಯಾಸಂಸ್ಥೆಯ ಪ್ರೌಢಶಾಲೆಯಲ್ಲಿ ಎನ್.ಸಿ.ಸಿ. ಇದೆ, ಮಗ ಸೇರುತ್ತೇನೆ ಎನ್ನುತ್ತಾನೆ, ಮಗಳು ಹಟ ಹಿಡಿದಿದ್ದಾಳೆ, ಫಾರ್ಮಿಗೆ ಸಹಿ ಹಾಕೋಣವೇ ಬೇಡವೇ? ಒಬ್ಬ ತಂದೆಗೆ, ಮುಂದೆ ಸೈನ್ಯದವರು ಹುಡುಗನನ್ನು ಕರೆದುಕೊಂಡು ಹೋದರೆ ಎಂಬ ಚಿಂತೆ. ಒಬ್ಬ ತಾಯಿಗೆ, ಹತ್ತು ದಿನದ ಶಿಬಿರ, ಎಲ್ಲರಿಗೂ ಒಂದೇ ಅಡುಗೆಮನೆ, ವಯಸ್ಸಿಗೆ ಬಂದ ಮಗಳನ್ನು ಹೇಗೆ ಕಳಿಸಲಿ ಎಂಬ ಅಳುಕು. ನಮ್ಮ ಚಳವಳಿಯಲ್ಲೇ ಕೂದಲು ಹಣ್ಣಾದ ಹಿರಿಯರೊಬ್ಬರ ಪ್ರಶ್ನೆ ಬೇರೆಯೇ: ಯಾಕೆ ಎಂದು ಕೇಳುವುದನ್ನು ಮಕ್ಕಳಿಗೆ ಕಲಿಸಬೇಕಾದ ನಾವು, ಹೇಳಿದ್ದಕ್ಕೆ ಹೆಜ್ಜೆ ಹಾಕುವುದನ್ನು ಕಲಿಸುವುದು ಸರಿಯೇ?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮಗು ತಾನಾಗಿ ಬಯಸಿದರೆ ಸಹಿ ಹಾಕಿ. ಬಯಸಿದವಳು ಮಗಳಾದರೆ ಇನ್ನೂ ಬೇಗ ಹಾಕಿ. ಆದರೆ ಸಹಿ ಹಾಕಿದ ಮೇಲೆ ಕೈತೊಳೆದುಕೊಳ್ಳಬೇಡಿ. ಆ ಮಕ್ಕಳನ್ನು ಶಾಲೆ ಯಾವ ಕೆಲಸಕ್ಕೆ ಬಳಸುತ್ತಿದೆ ಎಂಬುದರ ಮೇಲೆ ಕಣ್ಣಿಡಿ.

ಮೊದಲು ಇದು ಏನೆಂದು ತಿಳಿಯೋಣ. ಸ್ವಾತಂತ್ರ್ಯಕ್ಕೆ ಮುಂಚೆ ಕಾಲೇಜುಗಳಲ್ಲಿ ವಿಶ್ವವಿದ್ಯಾಲಯ ತರಬೇತಿ ದಳಗಳಿದ್ದವು. ಶಾಲೆ ಕಾಲೇಜು ಎರಡನ್ನೂ ಸೇರಿಸಿಕೊಂಡು ದೇಶಕ್ಕೆಲ್ಲ ಒಂದು ದಳ ಬೇಕೆಂದು ಯೋಚಿಸಲು 1946ರಲ್ಲಿ ಪಂಡಿತ ಹೃದಯನಾಥ ಕುಂಜ್ರು ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. 1948ರಲ್ಲಿ ಕಾಯಿದೆ ಬಂತು, ಅದೇ ವರ್ಷ ಜುಲೈ 15ರಂದು ರಾಷ್ಟ್ರೀಯ ವಿದ್ಯಾರ್ಥಿ ಸೈನ್ಯದಳ ಹುಟ್ಟಿತು. ಮರುವರ್ಷವೇ, 1949ರಲ್ಲಿ, ಹೆಣ್ಣುಮಕ್ಕಳ ವಿಭಾಗವೂ ಆರಂಭವಾಯಿತು. ಅಂದರೆ ಖಾಕಿ ತೊಟ್ಟ ಹುಡುಗಿ ನಿನ್ನೆ ಮೊನ್ನೆ ಬಂದ ಹೊಸ ಗಾಳಿಯಲ್ಲ, ಅವಳಿಗೆ ಮುಕ್ಕಾಲು ಶತಮಾನದ ಇತಿಹಾಸವಿದೆ.

ಪ್ರೌಢಶಾಲೆಯಲ್ಲಿರುವುದು ಕಿರಿಯರ ವಿಭಾಗ. ತರಬೇತಿ ಎರಡು ವರ್ಷ. ಸಾಮಾನ್ಯವಾಗಿ ಎಂಟರಲ್ಲಿ ಸೇರಿ ಒಂಬತ್ತರಲ್ಲಿ ‘ಎ’ ಪ್ರಮಾಣಪತ್ರದ ಪರೀಕ್ಷೆ ಮುಗಿಸುತ್ತಾರೆ. ಆದ್ದರಿಂದ ಎಸ್.ಎಸ್.ಎಲ್.ಸಿ. ವರ್ಷ ಓದಿಗೇ ಉಳಿಯುತ್ತದೆ. ಕವಾಯತು, ನಕಾಶೆ ಓದುವುದು, ಪ್ರಥಮ ಚಿಕಿತ್ಸೆ, ಸಮಾಜಸೇವೆ, ಸಣ್ಣ ರೈಫಲ್ಲಿನಲ್ಲಿ ಗುರಿ ಹೊಡೆಯುವುದು ಇವೆಲ್ಲ ಪಾಠದಲ್ಲಿವೆ. ಕಲಿಸಲು ಸೇನೆಯ ಹವಾಲ್ದಾರರು ಬರುತ್ತಾರೆ. ಜವಾಬ್ದಾರಿ ಹೊರುವವರು ಶಾಲೆಯ ಶಿಕ್ಷಕರೇ. ಗಂಡಸರಾದರೆ ನಾಗಪುರದ ಬಳಿಯ ಕಾಮ್ಟಿಯಲ್ಲಿ, ಹೆಂಗಸರಾದರೆ ಗ್ವಾಲಿಯರಿನಲ್ಲಿ ತರಬೇತಿ ಪಡೆದು ಬಂದವರು ಅವರು.

ಈಗ ತಂದೆಯ ಚಿಂತೆ. ಎನ್.ಸಿ.ಸಿ. ಸೇರಿದ ಮಾತ್ರಕ್ಕೆ ಯಾರೂ ಸೈನ್ಯದಲ್ಲಿ ಕೆಲಸ ಮಾಡಲೇಬೇಕಾಗಿಲ್ಲ. 1948ರ ಕಾಯಿದೆಯೇ ಇದನ್ನು ಸ್ಪಷ್ಟವಾಗಿ ಹೇಳಿದೆ. ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ‘ಎ’ ಪ್ರಮಾಣಪತ್ರ ಕೈಗೆ ಬಂದರೆ ನೌಕರಿ ಸಿಕ್ಕಂತೆ ಎಂದು ಕೆಲವು ಶಾಲೆಗಳು ಪ್ರಚಾರ ಮಾಡುತ್ತವೆ. ಅದೂ ನಿಜವಲ್ಲ. ಅಗ್ನಿವೀರ ಭರ್ತಿಯಲ್ಲಿ ಪ್ರಮಾಣಪತ್ರ ಉಳ್ಳವರಿಗೆ ಹೆಚ್ಚುವರಿ ಅಂಕಗಳಿವೆ, ವೃತ್ತಿಶಿಕ್ಷಣದ ಪ್ರವೇಶದಲ್ಲಿ ಕೆಡೆಟ್‌ಗಳಿಗೆಂದು ಒಂದಿಷ್ಟು ಸೀಟುಗಳಿವೆ. ಆದರೆ ದೊಡ್ಡ ಬಾಗಿಲು ತೆರೆಯುವುದು ಕಾಲೇಜಿನಲ್ಲಿ ಪಡೆಯುವ ‘ಸಿ’ ಪ್ರಮಾಣಪತ್ರ. ಅದು ಒಳ್ಳೆಯ ದರ್ಜೆಯಲ್ಲಿದ್ದರೆ ಪದವಿಯ ನಂತರ ಲಿಖಿತ ಪರೀಕ್ಷೆ ಇಲ್ಲದೆ ನೇರವಾಗಿ ಸೇನಾಧಿಕಾರಿಗಳ ಆಯ್ಕೆ ಸಂದರ್ಶನಕ್ಕೆ ಹೋಗುವ ಒಂದು ದಾರಿ ಇದೆ. ಪ್ರೌಢಶಾಲೆಯ ಎರಡು ವರ್ಷ ಅದಕ್ಕೆ ಹೊಸ್ತಿಲು ಅಷ್ಟೇ. ಬರೀ ಲಾಭದ ಲೆಕ್ಕ ಹಾಕಿ ಮಗುವನ್ನು ನೂಕಬೇಡಿ.

ತಾಯಂದಿರ ಅಳುಕಿಗೆ ಬರುತ್ತೇನೆ. ನಾನು ಪ್ರೌಢಶಾಲೆಯಲ್ಲಿದ್ದಾಗ ಕೆಡೆಟ್ ಆಗಿದ್ದೆ. ಆಮೇಲೆ ಶಿಕ್ಷಕನಾಗಿ ಮಕ್ಕಳ ಜೊತೆ ಶಿಬಿರಗಳಿಗೆ ಹೋಗಿ ಬಂದಿದ್ದೇನೆ. ಖಾಕಿ ಅಂಗಿಯ ಒಳಗೆ ಇಷ್ಟಲಿಂಗ ಎದೆಯ ಮೇಲೇ ಇತ್ತು, ಅದನ್ನು ತೆಗೆದಿಡು ಎಂದು ನನಗೆ ಯಾರೂ ಹೇಳಲಿಲ್ಲ. ಬೆಳಗಿನ ಸೀಟಿ ಊದುವ ಮುಂಚೆ ಎದ್ದವನಿಗೆ ಪೂಜೆಗೆ ಹತ್ತು ನಿಮಿಷ ಸಿಕ್ಕೇ ಸಿಗುತ್ತಿತ್ತು. ನಾನು ಕಂಡ ಶಿಬಿರಗಳಲ್ಲಿ ಸಸ್ಯಾಹಾರಿಗಳಿಗೆ ಬೇರೆ ಅಡುಗೆ ಇರುತ್ತಿತ್ತು. ಪಕ್ಕದ ಹುಡುಗನ ತಟ್ಟೆಯಲ್ಲಿ ಮೊಟ್ಟೆ ಇದ್ದರೆ ನಮ್ಮ ಹುಡುಗನ ತಟ್ಟೆಯ ಅನ್ನ ಕೆಡುವುದಿಲ್ಲ. ಕೆಡುತ್ತದೆ ಎನ್ನುವವರು ಸಹಪಂಕ್ತಿಯ ಬಗ್ಗೆ ವೇದಿಕೆಯಲ್ಲಿ ಭಾಷಣ ಮಾಡುವುದನ್ನು ಮೊದಲು ಬಿಡಬೇಕು.

ಹೆಣ್ಣುಮಕ್ಕಳ ಸುರಕ್ಷತೆಯ ವಿಷಯ ಮಾತ್ರ ಹಾಗೆ ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಹುಡುಗಿಯರ ವಸತಿ ಬೇರೆ ಇರಬೇಕು, ಜೊತೆಗೆ ಮಹಿಳಾ ಶಿಕ್ಷಕಿ ಅಥವಾ ಮಹಿಳಾ ತರಬೇತುದಾರರು ಇರಬೇಕು. ಸಹಿ ಹಾಕುವ ಮುನ್ನ ಮುಖ್ಯೋಪಾಧ್ಯಾಯರನ್ನು ಕೇಳಿ: ನಮ್ಮ ಶಾಲೆಯಿಂದ ಹೋಗುವ ಶಿಕ್ಷಕಿ ಯಾರು? ಮಕ್ಕಳು ಮಲಗುವ ಜಾಗ ಎಲ್ಲಿ, ಶೌಚಾಲಯ ಎಷ್ಟು ದೂರ? ಮೈ ಹುಷಾರಿಲ್ಲದಿದ್ದರೆ, ಮುಟ್ಟಿನ ದಿನ ಬಂದರೆ ಯಾರಿಗೆ ಹೇಳಬೇಕು? ಮನೆಗೆ ಫೋನ್ ಮಾಡಲು ಏನು ವ್ಯವಸ್ಥೆ? ಸರಿಯಾದ ಉತ್ತರ ಬರದಿದ್ದರೆ ಆ ಸಲದ ಶಿಬಿರಕ್ಕೆ ಬೇಡವೆನ್ನಿ, ತಪ್ಪಿಲ್ಲ. ಆದರೆ ಪ್ರಶ್ನೆಯನ್ನೇ ಕೇಳದೆ, ಹೆಣ್ಣು ಎಂಬ ಒಂದೇ ಕಾರಣಕ್ಕೆ ಫಾರ್ಮನ್ನು ಮಡಿಚಿ ಇಡಬೇಡಿ.

ಶಿಬಿರದಲ್ಲಿ ನಿಜವಾಗಿ ಏನಾಗುತ್ತದೆ ಎಂಬುದನ್ನು ಕಂಡವನಾಗಿ ಹೇಳುತ್ತೇನೆ. ನಮ್ಮ ಉತ್ತರ ಕರ್ನಾಟಕದ ಕಡೆ ಅಡ್ಡಹೆಸರು ಕೇಳಿದರೆ ಸಾಕು, ಮಗುವಿನ ಮನೆ ಯಾವ ಓಣಿಯಲ್ಲಿದೆ ಎಂದು ಹಿರಿಯರು ಹೇಳಿಬಿಡುತ್ತಾರೆ. ಕವಾಯತಿನ ಸಾಲಿನಲ್ಲಿ ಮಕ್ಕಳನ್ನು ನಿಲ್ಲಿಸುವುದು ಎತ್ತರದ ಪ್ರಕಾರ. ಗೌಡರ ಮನೆಯ ಹುಡುಗ, ಸಮಗಾರರ ಹುಡುಗ, ದರ್ಗಾದ ಹಿಂದಿನ ಮನೆಯ ಹುಡುಗ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ. ಒಬ್ಬನ ಹೆಜ್ಜೆ ತಪ್ಪಿದರೆ ಮೂವರಿಗೂ ಮತ್ತೊಂದು ಸುತ್ತು. ರಾತ್ರಿ ಒಂದೇ ಡೇರೆ. ಅನ್ನದ ಪಾತ್ರೆ ಹೊರುವ ಸರದಿ, ಶೌಚಾಲಯ ತೊಳೆಯುವ ಸರದಿ ಎಲ್ಲರಿಗೂ ಬರುತ್ತದೆ. ಮನೆಯಲ್ಲಿ ಉಂಡ ತಟ್ಟೆ ಎತ್ತದ ಗಂಡುಹುಡುಗರು ಬೂದಿ ಹಾಕಿ ತಟ್ಟೆ ಉಜ್ಜುವುದನ್ನು ನಾನು ನೋಡಿದ್ದೇನೆ. ಮೂರನೆಯ ದಿನದ ಹೊತ್ತಿಗೆ ಯಾರು ಯಾರ ಪಕ್ಕದಲ್ಲಿ ಉಣ್ಣಬೇಕೆಂದು ಯಾರೂ ಯೋಚಿಸುತ್ತಿರಲಿಲ್ಲ. ಕಾಯಕದಲ್ಲಿ ಮೇಲು ಕೀಳಿಲ್ಲ ಎಂದು ನಾವು ವರ್ಷವಿಡೀ ಬರೆಯುತ್ತೇವೆ. ಬಕೆಟ್ಟು ಪೊರಕೆ ಹಿಡಿದ ಮಗುವಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದೆಲ್ಲ ತಾನಾಗಿಯೇ ಊರಿಗೂ ಬರುತ್ತದೆಂದು ನಾನು ಹೇಳುವುದಿಲ್ಲ. ಶಿಬಿರ ಮುಗಿದು ಬಸ್ಸಿನಿಂದ ಇಳಿದ ಮೇಲೆ ಪ್ರತಿಯೊಬ್ಬರೂ ತಮ್ಮ ತಮ್ಮ ಓಣಿಗೇ ಹೋಗುತ್ತಾರೆ. ಆದರೆ ಹದಿಮೂರನೆಯ ವಯಸ್ಸಿನಲ್ಲಿ ಹತ್ತು ದಿನ ಬೇರೆ ರೀತಿಯಲ್ಲಿ ಬದುಕಿ ನೋಡಿದ ಮಗುವಿಗೆ, ಹಾಗೆ ಬದುಕಲು ಸಾಧ್ಯ ಎಂಬುದಾದರೂ ಗೊತ್ತಿರುತ್ತದೆ.

ಹೆಣ್ಣುಮಗಳ ಫಾರ್ಮಿಗೆ ಬೇಗ ಸಹಿ ಹಾಕಿ ಎಂದೆ. ಕಾರಣ ಹೇಳುತ್ತೇನೆ. ಹತ್ತನೆಯ ತರಗತಿ ಮುಗಿಯುತ್ತಲೇ ಕಾಲೇಜು ದೂರ, ಬಸ್ಸು ಸರಿಯಿಲ್ಲ, ಒಳ್ಳೆಯ ವರ ಬಂದಿದೆ ಎಂದು ಹುಡುಗಿಯ ಓದು ನಿಲ್ಲಿಸುವ ಮನೆಗಳು ನಮ್ಮ ಸಮಾಜದಲ್ಲಿ ಇನ್ನೂ ಇವೆ. ಮೈದಾನದ ಮಧ್ಯೆ ನಿಂತು ನೂರು ಜನಕ್ಕೆ ಕೇಳುವಂತೆ ಆದೇಶ ಕೊಟ್ಟವಳು, ಒಬ್ಬಳೇ ಗಂಟುಮೂಟೆ ಕಟ್ಟಿಕೊಂಡು ಬೆಳಗಾವಿಗೋ ಬಳ್ಳಾರಿಗೋ ಹೋಗಿ ಬಂದವಳು, ಅಪ್ಪನ ಎದುರು ನಿಂತು ‘ನಾನು ಓದುತ್ತೇನೆ ಅಪ್ಪಾ’ ಎನ್ನಲು ಅಷ್ಟೊಂದು ಹೆದರುವುದಿಲ್ಲ. ಹಾಗೆ ನಿಂತು ಓದು ಮುಂದುವರಿಸಿದ ಹುಡುಗಿಯರು ನನ್ನ ತರಗತಿಯಲ್ಲೇ ಇದ್ದರು. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಬಾಗಿಲು ಕೂಡ ಈಗ ಹೆಣ್ಣುಮಕ್ಕಳಿಗೆ ತೆರೆದಿದೆ. ಸರ್ವೋಚ್ಚ ನ್ಯಾಯಾಲಯದ ಆದೇಶದ ನಂತರ 2022ರಲ್ಲಿ ಅವರ ಮೊದಲ ತಂಡ ಸೇರಿತು, 2025ರ ಮೇ ತಿಂಗಳಲ್ಲಿ ತರಬೇತಿ ಮುಗಿಸಿ ಹೊರಬಂತು. ನಿಮ್ಮ ಮಗಳು ಅಲ್ಲಿಗೆ ಹೋಗಲೇಬೇಕೆಂದಿಲ್ಲ. ಹೋಗಬಹುದು ಎಂದು ಅವಳಿಗೆ ತಿಳಿದಿರಬೇಕು.

ಇನ್ನು ಹಿರಿಯ ಶರಣರ ಪ್ರಶ್ನೆ. ಅದು ಎಲ್ಲಕ್ಕಿಂತ ಗಟ್ಟಿಯಾದ ಪ್ರಶ್ನೆ. ಇತಿಹಾಸದಲ್ಲೇ ಅದಕ್ಕೆ ಒಂದು ಉತ್ತರವಿದೆ. 1962ರ ಚೀನಾ ಯುದ್ಧದ ನಂತರ, 1963ರಲ್ಲಿ, ಕಾಲೇಜು ವಿದ್ಯಾರ್ಥಿಗಳಿಗೆ ಎನ್.ಸಿ.ಸಿ.ಯನ್ನು ಕಡ್ಡಾಯ ಮಾಡಲಾಯಿತು. ಐದೇ ವರ್ಷದಲ್ಲಿ, 1968ರಲ್ಲಿ, ಅದನ್ನು ಮತ್ತೆ ಐಚ್ಛಿಕ ಮಾಡಬೇಕಾಯಿತು. ಸೇವೆಯಲ್ಲಿ ಆಸಕ್ತಿ ಇದ್ದವರಿಗೆ 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಎಂಬ ಬೇರೆ ದಾರಿ ಬಂತು. ಒತ್ತಾಯದಿಂದ ಸಾಲು ಕಟ್ಟಿಸಬಹುದು, ಶಿಸ್ತು ಬರುವುದಿಲ್ಲ. ಮಗು ತಾನೇ ಆರಿಸಿಕೊಂಡು ಒಪ್ಪಿದ ಶಿಸ್ತು ಬೇರೆ, ಬೆತ್ತಕ್ಕೆ ಹೆದರಿ ಬಗ್ಗುವುದು ಬೇರೆ. ‘ಥಮ್’ ಎಂದಾಗ ನಿಲ್ಲುವ ಹುಡುಗ ತರಗತಿಯಲ್ಲಿ ಎದ್ದು ನಿಂತು ಯಾಕೆ ಎಂದೂ ಕೇಳಬಲ್ಲ. ಎರಡಕ್ಕೂ ಜಾಗ ಕೊಡುವ ಶಿಕ್ಷಕ ಬೇಕು. ಅಂಥ ಶಿಕ್ಷಕನಿಲ್ಲದ ಕಡೆ ಹಿರಿಯರ ಭಯ ನಿಜವಾಗುತ್ತದೆ.

ಆದ್ದರಿಂದ ನಮ್ಮ ಸಂಸ್ಥೆಗಳನ್ನು ನಡೆಸುವವರಿಗೂ, ಮಠಗಳ ಪೂಜ್ಯರಿಗೂ ನಾಲ್ಕು ಮಾತು ಬಿನ್ನವಿಸುತ್ತೇನೆ.

ಮೊದಲನೆಯದು, ಕೆಡೆಟ್‌ಗಳು ನಮ್ಮ ದ್ವಾರಪಾಲಕರಲ್ಲ. ಜಾತ್ರೆಯಲ್ಲಿ ದಾರಿ ತಪ್ಪಿದ ಮಗುವನ್ನು ತಾಯಿಗೆ ಒಪ್ಪಿಸುವುದು, ಬಿಸಿಲಲ್ಲಿ ಬಿದ್ದ ವೃದ್ಧೆಗೆ ನೀರು ಕೊಡುವುದು ಸೇವೆ, ಅದನ್ನು ಸಂತೋಷದಿಂದ ಮಾಡಲಿ. ಆದರೆ ಮಂತ್ರಿಗಳ ಕಾರು ಎರಡು ತಾಸು ತಡವಾಯಿತೆಂದು ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸುವುದು, ಅಡ್ಡಪಲ್ಲಕ್ಕಿಯ ಎರಡೂ ಬದಿ ಅವರಿಂದ ಸೆಲ್ಯೂಟ್ ಹೊಡೆಸುವುದು ಸೇವೆಯಲ್ಲ. ಒಂದು ಊರಿನಲ್ಲಿ ಹೀಗೆ ನಿಂತು ತಲೆ ತಿರುಗಿ ಬಿದ್ದ ಹುಡುಗಿಯನ್ನು ನಾನೇ ನೆರಳಿಗೆ ಕರೆತಂದಿದ್ದೇನೆ. ಸಮಾನತೆ ಕಲಿಯಲು ಕಟ್ಟಿದ ಸಾಲನ್ನು ದೊಡ್ಡವರ ದೊಡ್ಡಸ್ತಿಕೆಗೆ ಬಳಸಿದರೆ ಮಕ್ಕಳು ಕಲಿಯುವುದು ದೊಡ್ಡಸ್ತಿಕೆಯನ್ನೇ.

ಎರಡನೆಯದು ಆಯ್ಕೆ. ಆಡಳಿತ ಮಂಡಳಿಯವರ ಮನೆಯ ಮಕ್ಕಳಿಗೆ ಮೊದಲ ಜಾಗ, ಉಳಿದದ್ದು ಉಳಿದವರಿಗೆ ಎಂಬುದು ನಿಲ್ಲಬೇಕು. ಸಾರ್ಜೆಂಟ್ ಪಟ್ಟಿ ಯಾರ ತೋಳಿಗೆ ಬರಬೇಕೆಂಬುದನ್ನು ಮೈದಾನವೇ ತೀರ್ಮಾನಿಸಲಿ.

ಮೂರನೆಯದು ಖರ್ಚು. ಸರ್ಕಾರದ ಹಂಚಿಕೆ ಸಿಗದ ಖಾಸಗಿ ಶಾಲೆಗಳು ಈಗ ಸ್ವಂತ ಹಣದ ಯೋಜನೆಯಲ್ಲಿ ಎನ್.ಸಿ.ಸಿ. ಪಡೆಯಬಹುದು. ಅಲ್ಲಿ ವೆಚ್ಚ ಸಂಸ್ಥೆಯ ತಲೆಯ ಮೇಲೆ ಬರುತ್ತದೆ. ಅದನ್ನು ಸಂಸ್ಥೆಗಳು ಪಾಲಕರ ತಲೆಗೆ ಕಟ್ಟಿದರೆ ಕೂಲಿಯವರ ಮಗ ಸಾಲಿನಿಂದ ಹೊರಗುಳಿಯುತ್ತಾನೆ. ದಾಸೋಹದ ಹೆಸರಿನಲ್ಲಿ ನಡೆಯುವ ಸಂಸ್ಥೆಗಳಿಗೆ ಬೂಟಿನ ಖರ್ಚು ಹೊರೆಯಾಗಬಾರದು.

ನಾಲ್ಕನೆಯದು ಭಾಷೆ. ಕವಾಯತಿನ ಆದೇಶಗಳು ಹಿಂದಿಯಲ್ಲಿವೆ. ಸಾವಧಾನ್, ವಿಶ್ರಾಮ್ ಒಂದು ವಾರದಲ್ಲಿ ಬಾಯಿಗೆ ಬರುತ್ತವೆ. ಕಷ್ಟವಾಗುವುದು ಹವಾಲ್ದಾರರ ಪಾಠ. ಕನ್ನಡ ಮಾಧ್ಯಮದ ಜಾಣ ಮಕ್ಕಳು ಅಲ್ಲಿ ಬಾಯಿ ಕಟ್ಟಿ ಕೂರುತ್ತಾರೆ, ದೆಹಲಿಯ ಗಣರಾಜ್ಯೋತ್ಸವ ಶಿಬಿರದಂಥ ಆಯ್ಕೆಗಳಲ್ಲಿ ಹಿಂದೆ ಬೀಳುತ್ತಾರೆ. ಪಾಠ ಮುಗಿದ ಮೇಲೆ ಶಾಲೆಯ ಶಿಕ್ಷಕರು ಅರ್ಧ ತಾಸು ಕುಳಿತು ಅದನ್ನೇ ಕನ್ನಡದಲ್ಲಿ ಬಿಡಿಸಿ ಹೇಳಿದರೆ ಸಾಕು.

ಪಾಲಕರಿಗೆ ಕೊನೆಯ ಮಾತು. ಫಾರ್ಮು ತಂದುಕೊಟ್ಟ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿ: ಇದು ನಿನಗೆ ಬೇಕೋ, ಗೆಳೆಯರು ಸೇರಿದರೆಂದು ಬೇಕೋ, ಮಾಸ್ತರರು ಹೇಳಿದರೆಂದು ಬೇಕೋ? ಬೇಡವೆಂದರೆ ಬೈಯಬೇಡಿ. ಬೇಕು ಎಂದರೆ ಸಹಿ ಹಾಕಿ, ತಿಂಗಳಿಗೊಮ್ಮೆಯಾದರೂ ಮೈದಾನದ ಕಡೆ ಹೋಗಿ ನೋಡಿ. ಅಲ್ಲಿ ನಿಮ್ಮ ಮಗಳು ಯಾರ ಪಕ್ಕದಲ್ಲಿ ನಿಂತಿದ್ದಾಳೋ, ಆ ಮಗುವನ್ನು ಒಂದು ದಿನ ಮನೆಗೆ ಊಟಕ್ಕೆ ಕರೆಯಿರಿ. ಶಿಬಿರದ ಪಾಠ ಊರೊಳಗೆ ಬರಬೇಕಾದರೆ ಅದು ನಮ್ಮ ಹೊಸ್ತಿಲು ದಾಟಿಯೇ ಬರಬೇಕು.