ಪ್ಲಾನ್ ಏರಿಸುವ ಮೊದಲು ಸ್ಪೀಡ್ ಅಳೆಯೋಣ



ಆದೋನಿ ಮಾರ್ಕೆಟ್‌ಗೆ ಹತ್ತಿ ಒಯ್ದಾಗ ನಮ್ಮ ಹಿರಿಯರು ಕಾಟಾದ ಮುಂದೆಯೇ ನಿಂತು ತೂಕ ನೋಡುತ್ತಾರೆ. ತಿಂಗಳು ತಿಂಗಳು ದುಡ್ಡು ಕಟ್ಟುವ ಇಂಟರ್ನೆಟ್ಟನ್ನು ಮಾತ್ರ ಯಾರೂ ತೂಗಿ ನೋಡುವುದಿಲ್ಲ. ‘ನೆಟ್ ಸ್ಲೋ’ ಎನ್ನುತ್ತೇವೆ, ಇನ್ನೂ ದೊಡ್ಡ ಪ್ಲಾನ್ ಹಾಕಿಸುತ್ತೇವೆ. ಕೂಲಿ ಮಾಡಿ ಬದುಕುವ ಮನೆಗಳಲ್ಲಿ ಹೀಗೆ ದುಡ್ಡು ಹೋಗಬಾರದು. ಅಳೆಯದೆ ಪ್ಲಾನ್ ಏರಿಸಬೇಡಿ ಎಂಬುದೇ ನನ್ನ ಮಾತು.

ಮೊದಲು ಲೆಕ್ಕ ತಿಳಿಯೋಣ. 2017ರ ಡಿಸೆಂಬರ್‌ನಲ್ಲಿ ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಎಪಿ ಫೈಬರ್‌ನೆಟ್ ಉದ್ಘಾಟಿಸಿದಾಗ 149 ರೂಪಾಯಿಗೆ ಟಿವಿ, ಫೋನ್ ಜೊತೆ 15 ಎಂಬಿಪಿಎಸ್ ಇಂಟರ್ನೆಟ್ ಎಂದು ಹೇಳಲಾಯಿತು. ಇಲ್ಲಿ ‘ಎಂಬಿ’ ಎಂದರೆ ಮೆಗಾಬಿಟ್. ಫೋನಿನಲ್ಲಿ ಫೈಲ್ ಇಳಿಯುವಾಗ ಕಾಣುವುದು ಮೆಗಾಬೈಟ್. 8 ಬಿಟ್ ಸೇರಿದರೆ 1 ಬೈಟ್. ಆದ್ದರಿಂದ 40 ಎಂಬಿಪಿಎಸ್ ಪ್ಲಾನ್‌ನಲ್ಲಿ ಸೆಕೆಂಡಿಗೆ ಸುಮಾರು 5 ಮೆಗಾಬೈಟ್ ಇಳಿದರೆ ಅದು ಮೋಸವಲ್ಲ, ಸರಿಯಾದ ಲೆಕ್ಕ.

ಇನ್ನು ಅಳೆಯುವ ಬಗೆ. ಮನೆಯ ಉಳಿದ ಫೋನ್, ಟಿವಿಗಳ ವೈಫೈ ಆಫ್ ಮಾಡಿ. ಲ್ಯಾಪ್‌ಟಾಪ್ ಇದ್ದರೆ ರೌಟರಿಗೆ ಕೇಬಲ್ ಹಾಕಿ ಸ್ಪೀಡ್ ಟೆಸ್ಟ್ ನಡೆಸಿ. ಇಲ್ಲದಿದ್ದರೆ ರೌಟರ್ ಪಕ್ಕದಲ್ಲೇ ನಿಂತು ಫೋನಿನಲ್ಲಿ ಮಾಡಿ. ಟ್ರಾಯ್‌ನ ಮೈಸ್ಪೀಡ್ ಆ್ಯಪ್ ಕೂಡ ಇದೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಟರ ನಂತರ, ಹೀಗೆ ಮೂರು ಹೊತ್ತು, ಮೂರು ದಿನ ಬರೆದಿಡಿ. ಡೌನ್‌ಲೋಡ್ ಜೊತೆ ಅಪ್‌ಲೋಡ್ ಸಂಖ್ಯೆಯನ್ನೂ ಬರೆಯಿರಿ. ಬೆಂಗಳೂರಿಗೆ ದುಡಿಯಲು ಹೋದವರ ಜೊತೆ ವಿಡಿಯೋ ಕಾಲ್ ಮಾಡುವಾಗ ನಮ್ಮ ಮುಖ ಅವರಿಗೆ ಕಾಣುವುದು ಅಪ್‌ಲೋಡ್‌ನಿಂದ.

ಆ ಚೀಟಿಯೇ ಕಾರಣ ಹೇಳುತ್ತದೆ. ರೌಟರ್ ಬಳಿ ಸ್ಪೀಡ್ ಇದ್ದು ಒಳಕೋಣೆಯಲ್ಲಿ ಇಲ್ಲದಿದ್ದರೆ ತೊಂದರೆ ಲೈನಿನದಲ್ಲ. ನಮ್ಮ ದಪ್ಪ ಕಲ್ಲುಗೋಡೆಗಳನ್ನು ವೈಫೈ ಸುಲಭವಾಗಿ ದಾಟುವುದಿಲ್ಲ. ಕಬ್ಬಿಣದ ಬೀರುವಿನ ಹಿಂದಿನಿಂದ ರೌಟರ್ ತೆಗೆದು ಮನೆಯ ನಡುವೆ, ಎತ್ತರದಲ್ಲಿ ಇಡಿ. ಅದಕ್ಕೆ ಒಂದು ರೂಪಾಯಿಯೂ ಬೇಡ. ರಾತ್ರಿ ಮಾತ್ರ ಕುಸಿದರೆ ಒಂದೇ ಲೈನನ್ನು ಹಲವು ಮನೆಗಳು ಒಟ್ಟಿಗೆ ಬಳಸುತ್ತಿರಬಹುದು. ತಿಂಗಳ ಕೊನೆಯಲ್ಲಿ ಮಾತ್ರವಾದರೆ ಡೇಟಾ ಮಿತಿ ಮುಗಿದಿದೆಯೇ ನೋಡಿ. ಮೂರು ಹೊತ್ತೂ ಕಡಿಮೆ ಇದ್ದರೆ ಲೈನ್ ನೋಡಿಸಬೇಕು.

‘ಇಷ್ಟೆಲ್ಲಾ ಯಾಕೆ, ನೂರಿನ್ನೂರು ಜಾಸ್ತಿ ಕೊಟ್ಟರೆ ಆಯ್ತಲ್ಲ’ ಎನ್ನುವವರಿದ್ದಾರೆ. ಗೋಡೆಯ ಅಡ್ಡಿ ದೊಡ್ಡ ಪ್ಲಾನಿನಿಂದ ಹೋಗುವುದಿಲ್ಲ. ಕೌನ್ಸೆಲಿಂಗ್‌ನ ಕೊನೆಯ ದಿನ ವೆಬ್‌ಸೈಟೇ ನಿಂತುಹೋದರೆ 100 ಎಂಬಿಪಿಎಸ್ ಇದ್ದರೂ ಪ್ರಯೋಜನವಿಲ್ಲ. ಒಳ್ಳೆಯ ಗುಣಮಟ್ಟದ ಒಂದು ವಿಡಿಯೋ ಪಾಠಕ್ಕೆ ಸುಮಾರು 5 ಎಂಬಿಪಿಎಸ್ ಸಾಕು. ನಾಲ್ಕು ಜನರ ಮನೆಗೆ ಎಷ್ಟು ಬೇಕೆಂದು ನೀವೇ ಲೆಕ್ಕ ಹಾಕಿ.

ದೂರು ಕೊಡುವಾಗಲೂ ಸಂಖ್ಯೆಗೆ ಬೆಲೆ ಇದೆ. ‘ಸ್ಲೋ ಇದೆ’ ಎಂದರೆ ‘ರೌಟರ್ ಆಫ್ ಮಾಡಿ ಆನ್ ಮಾಡಿ’ ಎಂಬ ಉತ್ತರ ಬರುತ್ತದೆ. ಮೂರು ದಿನದ ಸ್ಕ್ರೀನ್‌ಶಾಟ್ ಇದ್ದರೆ ಮಾತು ಬೇರೆ. ದೂರಿನ ನಂಬರ್ ತಪ್ಪದೆ ಪಡೆಯಿರಿ. ಅದರಿಂದ ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಬಹುದು. 2023ರ ಜನವರಿಯಿಂದ 2 ಎಂಬಿಪಿಎಸ್‌ಗಿಂತ ಕಡಿಮೆ ವೇಗವನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯುವಂತೆಯೇ ಇಲ್ಲ ಎಂಬುದೂ ನೆನಪಿರಲಿ.

ಯುವಜನರಲ್ಲಿ ಒಂದು ಕೋರಿಕೆ. ಈ ಭಾನುವಾರ ನಿಮ್ಮ ಮನೆಯ ಜೊತೆಗೆ, ಇದೆಲ್ಲ ಗೊತ್ತಿಲ್ಲದ ಪಕ್ಕದ ಮನೆಯ ಅಜ್ಜಿ ತಾತನ ಸ್ಪೀಡೂ ಅಳೆದು ಕೊಡಿ. ಹತ್ತು ನಿಮಿಷದ ಕೆಲಸ, ವರ್ಷವಿಡೀ ಅವರ ದುಡ್ಡು ಉಳಿಯಬಹುದು.